ದೇಹದ ಪುನರುತ್ಥಾನ ಮತ್ತು ನಿತ್ಯಜೀವ: ಒಂದು ಕ್ರೈಸ್ತ ನಿರೀಕ್ಷೆಯ ಸುತ್ತಲಿನ ವಾದಗಳು

ಕ್ರೈಸ್ತ ಸಭೆಗಳು ಆರಾಧನೆಯಲ್ಲಿ ಒಟ್ಟಾಗಿ ಹೇಳುವ ಪ್ರಧಾನ ವಿಶ್ವಾಸಪ್ರಮಾಣಗಳು, ಅಂದರೆ ನಂಬಿಕೆಯ ಸಾರವನ್ನು ಕೆಲವೇ ವಾಕ್ಯಗಳಲ್ಲಿ ಅಡಕಗೊಳಿಸಿದ ಪಾಠಗಳು, ಸತ್ತವರು ಏಳುವರು, ಅವರಿಗೆ ಮುಗಿಯದ ಜೀವವುಂಟು ಎಂಬ ಎರಡು ಮಾತುಗಳೊಂದಿಗೆ ಕೊನೆಗೊಳ್ಳುತ್ತವೆ. ಎಲ್ಲ ಶಾಖೆಗಳೂ ಒಪ್ಪಿರುವ ಈ ಮಾತುಗಳ ಅರ್ಥದ ಬಗ್ಗೆ ಮಾತ್ರ ಎರಡು ಸಾವಿರ ವರ್ಷಗಳಿಂದ ವಾದ ನಡೆಯುತ್ತಲೇ ಇದೆ. ಏಳುವ ದೇಹ ಸಮಾಧಿಗೆ ಇಳಿದ ದೇಹವೇ ಅಥವಾ ಬೇರೊಂದೇ, ಸಾವಿಗೂ ಏಳುವಿಕೆಗೂ ನಡುವೆ ಮನುಷ್ಯ ಎಲ್ಲಿರುತ್ತಾನೆ, ನಿತ್ಯಜೀವವೆಂದರೆ ಕಾಲದ ಉದ್ದವೇ ಅಥವಾ ಬಾಳಿನ ಬಗೆಯೇ, ಅದು ಯಾರ ಪಾಲಿಗೆ ಎಂಬ ಪ್ರಶ್ನೆಗಳಿಗೆ ಬಂದ ಉತ್ತರಗಳೆಲ್ಲ ಒಂದೇ ಇಕ್ಕಟ್ಟಿನ ಎರಡು ಮಗ್ಗುಲುಗಳಿಗೆ ಹಂಚಿಹೋಗಿವೆ. ಎದ್ದವನು ಸತ್ತವನೇ ಆಗಿರಬೇಕಾದರೆ ಏನಾದರೂ ಮುಂದುವರಿಯಬೇಕು. ಎದ್ದವನು ಮತ್ತೆ ಸಾಯದಿರಬೇಕಾದರೆ ಬಹಳಷ್ಟು ಬದಲಾಗಬೇಕು.

ಭಾರತೀಯ ಓದುಗರು ಈ ಚರ್ಚೆಯನ್ನು ಹಿಡಿಯಲು ಕೆಲವು ಕಲ್ಪನೆಗಳನ್ನು ಮೊದಲೇ ಬಿಡಿಸಿಕೊಳ್ಳಬೇಕಾಗುತ್ತದೆ. ದೇಹ ಅಳಿದರೂ ಆತ್ಮ ಸ್ವಭಾವತಃ ಅಳಿಯದು ಎಂಬುದು ಆತ್ಮದ ಅಮರತ್ವದ ತತ್ತ್ವ. ಅದೇ ಜೀವ ಕರ್ಮಾನುಸಾರ ಬೇರೆ ದೇಹಗಳಲ್ಲಿ ಹುಟ್ಟಿಬರುತ್ತದೆ ಎಂಬುದು ಪುನರ್ಜನ್ಮ. ಪುನರುತ್ಥಾನ ಇವೆರಡೂ ಅಲ್ಲ: ಒಬ್ಬ ವ್ಯಕ್ತಿ ಒಂದೇ ಬಾರಿ ಬದುಕಿ, ನಿಜವಾಗಿಯೇ ಸತ್ತು, ಕಾಲಾಂತ್ಯದಲ್ಲಿ ದೇವರ ಕ್ರಿಯೆಯಿಂದ ದೇಹವುಳ್ಳ ಅದೇ ವ್ಯಕ್ತಿಯಾಗಿ ಏಳುತ್ತಾನೆ ಎಂಬುದು ಅದರ ತಿರುಳು. ಯೋಹಾನನ ಸುವಾರ್ತೆಯಲ್ಲಿ ಲಾಜರನು ಸಮಾಧಿಯಿಂದ ಹೊರಬಂದ ಪ್ರಸಂಗವೂ ಈ ಅರ್ಥದ ಪುನರುತ್ಥಾನವಲ್ಲ, ಏಕೆಂದರೆ ಅವನು ಮರಳಿದ್ದು ಇನ್ನೊಮ್ಮೆ ಸಾಯಲಿರುವ ಹಳೆಯ ಬದುಕಿಗೆ.

ಯೆಹೂದಿ ಮೂಲ

ಹೀಬ್ರೂ ಬೈಬಲಿನ ಬಹುಭಾಗ ಮರಣಾನಂತರದ ಬಗ್ಗೆ ಮಿತಭಾಷಿಯಾಗಿದೆ. ಸತ್ತವರು ಷಿಯೋಲ್ ಎಂಬ ನೆರಳಿನ ಲೋಕಕ್ಕೆ ಇಳಿಯುತ್ತಾರೆ, ಅಲ್ಲಿ ಸಜ್ಜನ ದುರ್ಜನರೆಂಬ ವ್ಯತ್ಯಾಸವಿಲ್ಲ, ಆರಾಧನೆಯೂ ಇಲ್ಲ. ಮನುಷ್ಯನ ಮುಂದುವರಿಕೆ ಮಕ್ಕಳಲ್ಲಿ ಮತ್ತು ಜನಾಂಗದಲ್ಲಿ. ಯೆಹೆಜ್ಕೇಲನ ಗ್ರಂಥದ 37ನೆಯ ಅಧ್ಯಾಯದಲ್ಲಿ ಒಣಮೂಳೆಗಳಿಗೆ ಮಾಂಸ ಮತ್ತು ಉಸಿರು ಬರುವ ದರ್ಶನವೂ ಮೂಲದಲ್ಲಿ ಸೆರೆಹೋದ ಜನಾಂಗ ಮತ್ತೆ ತಲೆ ಎತ್ತುವುದರ ರೂಪಕವೇ ಹೊರತು ಬಿಡಿ ಮನುಷ್ಯರ ಪುನರುತ್ಥಾನದ ವಾಗ್ದಾನವಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಬಿಡಿ ವ್ಯಕ್ತಿಗಳು ಎಚ್ಚರಗೊಳ್ಳುವ ಮಾತು ನಿಸ್ಸಂದಿಗ್ಧವಾಗಿ ಬರುವುದು ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ. ನಾಲ್ಕನೆಯ ಆಂಟಿಯೋಕಸ್ ಎಂಬ ಗ್ರೀಕ್ ದೊರೆ ಯೆಹೂದಿ ಆಚರಣೆಗಳನ್ನು ನಿಷೇಧಿಸಿ ಹಿಂಸೆ ನಡೆಸಿದ ಕ್ರಿ.ಪೂ. 167–164ರ ಕಾಲಕ್ಕೆ ವಿಮರ್ಶಕರು ಈ ಭಾಗವನ್ನು ಸೇರಿಸುತ್ತಾರೆ. ಧರ್ಮಶಾಸ್ತ್ರವನ್ನು ಪಾಲಿಸಿದವರೇ ಪಾಲಿಸಿದ ಕಾರಣಕ್ಕೆ ಕೊಲೆಯಾದಾಗ, ನಿಷ್ಠರಿಗೆ ಈ ಲೋಕದಲ್ಲೇ ಫಲ ಸಿಗುತ್ತದೆಂಬ ಹಳೆಯ ಸಮಾಧಾನ ಕುಸಿಯಿತು. ಎರಡನೆಯ ಮಕ್ಕಬಿಯರ ಗ್ರಂಥದಲ್ಲಿ ತಾಯಿಯ ಕಣ್ಣೆದುರಿನಲ್ಲೇ ಹಿಂಸೆಗೊಳಗಾಗಿ ಸಾಯುವ ಏಳು ಸಹೋದರರಲ್ಲೊಬ್ಬನು ತನ್ನ ನಾಲಗೆ ಕೈಗಳನ್ನು ದೇವರಿಂದ ಮರಳಿ ಪಡೆಯುವ ಭರವಸೆಯನ್ನು ಆಡುತ್ತಾನೆ. ಹೀಗೆ ಪುನರುತ್ಥಾನದ ನಂಬಿಕೆ ಬೇರು ಬಿಟ್ಟದ್ದು ಮರಣಾನಂತರದ ಕುತೂಹಲದಲ್ಲಲ್ಲ, ನ್ಯಾಯದ ಬೇಡಿಕೆಯಲ್ಲಿ. ಹಿಂಸೆ ನಡೆದದ್ದು ದೇಹದ ಮೇಲಾದ್ದರಿಂದ ನ್ಯಾಯವೂ ದೇಹಕ್ಕೇ ಸಲ್ಲಬೇಕಿತ್ತು.

ಯೆಹೂದಿ ಸಮಾಜದಲ್ಲೂ ಒಮ್ಮತ ಇರಲಿಲ್ಲ. ದೇವಾಲಯದ ಯಾಜಕವರ್ಗಕ್ಕೆ ಹತ್ತಿರವಾಗಿದ್ದ ಸದ್ದುಕಾಯರು ಪುನರುತ್ಥಾನವನ್ನು ನಿರಾಕರಿಸಿದರು, ಫರಿಸಾಯರು ಅದನ್ನು ಎತ್ತಿಹಿಡಿದರು, ಗ್ರೀಕ್ ಭಾಷೆಯಲ್ಲಿ ರಚಿತವಾದ ಸೊಲೊಮೋನನ ಜ್ಞಾನಗ್ರಂಥ ಸಜ್ಜನರ ಆತ್ಮಗಳು ದೇವರ ಕೈಯಲ್ಲಿ ಸುರಕ್ಷಿತವೆಂಬ ಬೇರೆಯೇ ದನಿಯಲ್ಲಿ ಮಾತನಾಡಿತು. ಮುಂದೆ ಕ್ರೈಸ್ತರು ಬಳಸಿದ ಎರಡೂ ಭಾಷೆಗಳು, ಎಂದರೆ ದೇಹ ಏಳುವ ಭಾಷೆ ಮತ್ತು ಆತ್ಮ ಉಳಿಯುವ ಭಾಷೆ, ಯೇಸುವಿನ ಕಾಲಕ್ಕೆ ಮೊದಲೇ ಯೆಹೂದಿ ಪರಂಪರೆಯಲ್ಲಿ ಅಕ್ಕಪಕ್ಕದಲ್ಲಿದ್ದವು.

ಪೌಲ ಮತ್ತು ಸುವಾರ್ತೆಗಳು

ಉಪಲಬ್ಧ ಕ್ರೈಸ್ತ ಬರಹಗಳಲ್ಲಿ ಅತ್ಯಂತ ಹಳೆಯವು ಪೌಲನ ಪತ್ರಗಳು. ಸುಮಾರು ಕ್ರಿ.ಶ. 50ರಲ್ಲಿ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಅವನು ತೀರಿಕೊಂಡ ವಿಶ್ವಾಸಿಗಳು ಕ್ರಿಸ್ತನ ಪುನರಾಗಮನದ ವೇಳೆಗೆ ಏಳುವರೆಂದು ಸಂತೈಸುತ್ತಾನೆ. ಕೆಲವು ವರ್ಷಗಳ ಅನಂತರ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ ಇಡೀ ಚರ್ಚೆಯ ಆಧಾರಗ್ರಂಥವಾಯಿತು. ಅಲ್ಲಿ ಪೌಲನು ಕ್ರಿಸ್ತನ ಪುನರುತ್ಥಾನವನ್ನು ಬೆಳೆಯ ಪ್ರಥಮಫಲವೆಂದು ಕರೆದು ಉಳಿದವರ ಏಳುವಿಕೆಯನ್ನು ಅದಕ್ಕೆ ಕಟ್ಟುತ್ತಾನೆ. ಬಿತ್ತಿದ ಕಾಳಿಗೂ ಮೊಳೆತ ಪೈರಿಗೂ ಇರುವ ಸಂಬಂಧವನ್ನು ಈಗಿನ ದೇಹಕ್ಕೂ ಮುಂದಿನ ದೇಹಕ್ಕೂ ಹೋಲಿಸುತ್ತಾನೆ. ಏಳುವುದು ಆತ್ಮಿಕ ದೇಹವೆಂದೂ ರಕ್ತಮಾಂಸಗಳು ದೇವರ ರಾಜ್ಯಕ್ಕೆ ಬಾಧ್ಯವಾಗಲಾರವೆಂದೂ ಹೇಳುತ್ತಾನೆ. ಆತ್ಮಿಕ ದೇಹವೆಂದರೆ ಆತ್ಮದಿಂದಲೇ ಆದ ಸೂಕ್ಷ್ಮ ದೇಹವೆಂದು ಒಂದು ಪಕ್ಷ ಓದಿದರೆ, ಅದು ಯಾವುದರಿಂದ ಆಗಿದೆ ಎಂಬುದಕ್ಕಲ್ಲ, ಯಾವುದರಿಂದ ನಡೆಯುತ್ತದೆ ಎಂಬುದಕ್ಕೆ ಸಂಬಂಧಿಸಿದ ಮಾತು, ಅಂದರೆ ದೇವರಾತ್ಮದಿಂದ ಚಾಲಿತವಾದ ನಿಜದೇಹ ಎಂದು ಇನ್ನೊಂದು ಪಕ್ಷ ಓದುತ್ತದೆ.

ಸುವಾರ್ತೆಗಳೂ ಇದೇ ಎಳೆದಾಟವನ್ನು ಉಳಿಸಿಕೊಂಡಿವೆ. ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಪೂರ್ಣ ಹಸ್ತಪ್ರತಿಗಳು ಬರಿದಾದ ಸಮಾಧಿಯಿಂದ ಸ್ತ್ರೀಯರು ಹೆದರಿ ಓಡುವಲ್ಲಿಗೆ ಮುಗಿಯುತ್ತವೆ. ಲೂಕನ ಯೇಸು ಮೀನಿನ ತುಂಡನ್ನು ತಿಂದು ತಾನು ಭೂತವಲ್ಲವೆಂದು ತೋರಿಸುತ್ತಾನೆ, ಯೋಹಾನನ ಯೇಸು ತೋಮನಿಗೆ ಗಾಯಗಳನ್ನು ತೋರಿಸುತ್ತಾನೆ. ಆದರೆ ಅದೇ ಯೇಸು ಮುಚ್ಚಿದ ಬಾಗಿಲುಗಳ ಒಳಗೆ ಕಾಣಿಸಿಕೊಳ್ಳುತ್ತಾನೆ, ಜೊತೆಯಲ್ಲಿ ನಡೆದವರಿಗೂ ಗುರುತು ಸಿಗದೆ ಉಳಿಯುತ್ತಾನೆ. ಇನ್ನು ನಡುವಣ ಕಾಲದ ವಿಷಯದಲ್ಲಿ, ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಅಂದೇ ಪರದೈಸಿನ ವಾಗ್ದಾನ ದೊರೆಯುವುದನ್ನೂ ಪೌಲನೇ ಫಿಲಿಪ್ಪಿಯವರಿಗೆ ಬರೆಯುವಾಗ ಸಾವನ್ನು ಕ್ರಿಸ್ತನ ಬಳಿ ಸೇರುವಿಕೆ ಎಂದು ಕಾಣುವುದನ್ನೂ ಕಾಲಾಂತ್ಯದ ಏಳುವಿಕೆಯೊಂದಿಗೆ ಹೇಗೆ ಹೊಂದಿಸಬೇಕೆಂಬುದನ್ನು ಹೊಸ ಒಡಂಬಡಿಕೆ ಎಲ್ಲೂ ವಿವರಿಸುವುದಿಲ್ಲ.

ಮಾಂಸವೇ, ರೂಪವೇ: ಆದಿಸಭೆಯ ವಾದ

ಗ್ರೀಕ್ ವಿದ್ಯಾವಂತರಿಗೆ ಆತ್ಮದ ಅಮರತ್ವ ಪರಿಚಿತ ವಿಚಾರ. ಕೊಳೆತ ದೇಹ ಮರಳಿ ಬರುವುದು ಮಾತ್ರ ಹಾಸ್ಯಾಸ್ಪದ. ಪೌಲನು ಅಥೇನೆಯಲ್ಲಿ ಪುನರುತ್ಥಾನದ ಮಾತೆತ್ತಿದಾಗ ಕೆಲವರು ಗೇಲಿ ಮಾಡಿದರೆಂದು ಅಪೊಸ್ತಲರ ಕೃತ್ಯಗಳು ದಾಖಲಿಸುತ್ತವೆ. ಎರಡನೆಯ ಶತಮಾನದ ಟೀಕಾಕಾರ ಸೆಲ್ಸಸ್ ಇದನ್ನು ಹುಳುಗಳಿಗೆ ಮಾತ್ರ ತಕ್ಕ ನಿರೀಕ್ಷೆಯೆಂದು ಹೀಯಾಳಿಸಿದನು. ಕ್ರೈಸ್ತರ ಒಳಗೇ ಜ್ಞಾನವಾದಿಗಳು, ಅಂದರೆ ಗುಪ್ತಜ್ಞಾನದಿಂದಲೇ ಬಿಡುಗಡೆಯೆಂದೂ ಜಡಜಗತ್ತು ಕೀಳೆಂದೂ ನಂಬಿದ ಗುಂಪುಗಳವರು, ಪುನರುತ್ಥಾನವನ್ನು ಈ ಬದುಕಿನಲ್ಲೇ ಆಗುವ ಒಳಗಿನ ಎಚ್ಚರವೆಂದು ವ್ಯಾಖ್ಯಾನಿಸಿದರು. ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ 1945ರಲ್ಲಿ ದೊರೆತ ಹಸ್ತಪ್ರತಿಗಳಲ್ಲಿ ಪುನರುತ್ಥಾನವನ್ನೇ ಕುರಿತ ಇಂಥ ಒಂದು ಪ್ರಬಂಧವಿದೆ.

ಇದಕ್ಕೆದುರಾಗಿ ಇರೇನಿಯಸ್ ಮತ್ತು ತೆರ್ತುಲ್ಲಿಯನ್ ಏಳುವುದು ಈ ಮಾಂಸವೇ ಎಂದು ಪಟ್ಟು ಹಿಡಿದರು. ದೇಹವನ್ನು ಬಿಟ್ಟುಕೊಟ್ಟರೆ ದೇವರು ಸೃಷ್ಟಿಸಿದ ಜಗತ್ತನ್ನೂ ದೇವರು ಮನುಷ್ಯನಾಗಿ ಅವತರಿಸಿದ್ದನ್ನೂ ಬಿಟ್ಟುಕೊಟ್ಟಂತೆ ಎಂಬುದು ಅವರ ವಾದದ ಬೆನ್ನೆಲುಬು. ಹಿಂಸೆಯ ಅನುಭವವೂ ಇದಕ್ಕೆ ಬಲ ಕೊಟ್ಟಿತು: 177ರಲ್ಲಿ ಗಾಲ್ ಪ್ರಾಂತದ ಲಿಯಾನ್‌ನಲ್ಲಿ ಕೊಲ್ಲಲಾದ ಕ್ರೈಸ್ತರ ಶವಗಳನ್ನು ಸುಟ್ಟು, ಅವರಿಗೆ ಪುನರುತ್ಥಾನದ ಆಸೆಯೇ ಉಳಿಯದಿರಲೆಂದು ಬೂದಿಯನ್ನು ರೋನ್ ನದಿಗೆ ಎಸೆದರೆಂದು ಇತಿಹಾಸಕಾರ ಯೂಸೇಬಿಯಸ್ ಉಳಿಸಿಕೊಟ್ಟ ಪತ್ರ ತಿಳಿಸುತ್ತದೆ. ಚೆದುರಿದ ಕಣಗಳನ್ನೂ ದೇವರು ಕೂಡಿಸಬಲ್ಲನೆಂಬ ಮಾತು ಅಂಥ ಸಮುದಾಯಗಳಿಗೆ ತರ್ಕದ ಕಸರತ್ತಾಗಿರಲಿಲ್ಲ.

ಮೂರನೆಯ ಶತಮಾನದ ಓರಿಗೆನ್ ಬೇರೆ ದಾರಿ ಹಿಡಿದನು. ಜೀವಂತ ದೇಹದ ದ್ರವ್ಯವೇ ನದಿಯ ನೀರಿನಂತೆ ಸದಾ ಬದಲಾಗುತ್ತಿರುವಾಗ ಸತ್ತ ದಿನದ ಕಣಗಳಿಗೆ ವಿಶೇಷ ಹಕ್ಕೇನು ಎಂದು ಕೇಳಿ, ಮುಂದುವರಿಯುವುದು ದ್ರವ್ಯವಲ್ಲ, ವ್ಯಕ್ತಿಯನ್ನು ಗುರುತಿಸಿಕೊಡುವ ರೂಪ ಎಂದು ಸೂಚಿಸಿದನು. ಈ ಸೂಚನೆ ಗುರುತಿನ ತೊಡಕನ್ನು ಜಾಣತನದಿಂದ ಬಿಡಿಸಿದರೂ ಏಳುವ ದೇಹವನ್ನು ತೀರ ತೆಳುಮಾಡುತ್ತದೆಂದು ಒಲಿಂಪಸ್‌ನ ಮೆಥೋಡಿಯಸ್ ಆಕ್ಷೇಪಿಸಿದನು. ಓರಿಗೆನ್‌ನ ಅನುಯಾಯಿಗಳ ಮೇಲಿನ ವಿವಾದ ಬೆಳೆದು, ಏಳುವ ದೇಹಗಳು ಗೋಳಾಕಾರವೆಂಬ ಮತವನ್ನೂ ಸೇರಿಸಿ ಚಕ್ರವರ್ತಿ ಜಸ್ಟಿನಿಯನ್ 543ರಲ್ಲಿ ಖಂಡನಾಶಾಸನ ಹೊರಡಿಸಿದನು.

ಪಶ್ಚಿಮದಲ್ಲಿ ಗೆದ್ದದ್ದು ಅಗಸ್ಟೀನನ ಸಮನ್ವಯ. ತನ್ನ ‘ದೇವನಗರ’ ಗ್ರಂಥದ 22ನೆಯ ಸಂಪುಟದಲ್ಲಿ ಅವನು ಅತಿ ಬಿಕ್ಕಟ್ಟಿನ ಪ್ರಶ್ನೆಗಳನ್ನೇ ಎತ್ತಿಕೊಳ್ಳುತ್ತಾನೆ. ನರಭಕ್ಷಕನ ದೇಹ ಸೇರಿದ ಮಾಂಸ ಯಾರದೆಂದು ಕೇಳಿದರೆ ಅದು ಮೊದಲು ಯಾರ ಮಾಂಸವಾಗಿತ್ತೋ ಅವರಿಗೇ ಸಲ್ಲುತ್ತದೆನ್ನುತ್ತಾನೆ. ಶಿಶುಗಳೂ ವೃದ್ಧರೂ ಕ್ರಿಸ್ತನ ಪ್ರಾಯವಾದ ಸುಮಾರು ಮೂವತ್ತರ ತಾರುಣ್ಯದಲ್ಲಿ ಏಳುವರೆಂದು ಊಹಿಸುತ್ತಾನೆ. ಹೆಣ್ಣುತನ ಕುಂದಲ್ಲವಾದ್ದರಿಂದ ಹೆಂಗಸರು ಹೆಂಗಸರಾಗಿಯೇ ಏಳುವರೆಂದು ಆ ಕಾಲದ ವಿರುದ್ಧ ಅಭಿಪ್ರಾಯವನ್ನು ತಳ್ಳಿಹಾಕುತ್ತಾನೆ.

ಕಾಯುವ ಆತ್ಮ: ಮಧ್ಯಯುಗ

ನಾಲ್ಕನೆಯ ಲ್ಯಾಟರನ್ ಮಹಾಸಭೆ 1215ರಲ್ಲಿ ಎಲ್ಲರೂ ಈಗ ಹೊತ್ತಿರುವ ತಮ್ಮ ದೇಹಗಳೊಂದಿಗೇ ಏಳುವರೆಂದು ಘೋಷಿಸಿತು. ಆದರೆ ವಾದದ ಗುರುತ್ವಕೇಂದ್ರ ಅಷ್ಟರಲ್ಲಿ ಆತ್ಮದ ಕಡೆಗೆ ವಾಲತೊಡಗಿತ್ತು. ಅರಿಸ್ಟಾಟಲನ ದರ್ಶನವನ್ನು ಅಳವಡಿಸಿಕೊಂಡ ಥಾಮಸ್ ಅಕ್ವಿನಾಸ್ ಆತ್ಮವನ್ನು ದೇಹದೊಳಗಿನ ಸವಾರನೆಂದಲ್ಲ, ದೇಹವನ್ನು ದೇಹವಾಗಿಸುವ ರೂಪತತ್ತ್ವವೆಂದು ವಿವರಿಸಿದನು. ಆತ್ಮ ಸಾವಿನ ಅನಂತರವೂ ಉಳಿಯುತ್ತದೆ, ಆದರೆ ಬಿಡಿ ಆತ್ಮ ಪೂರ್ಣ ಮನುಷ್ಯನಲ್ಲ. ಆದ್ದರಿಂದ ಆತ್ಮಕ್ಕೆ ಮೋಕ್ಷ ಸಿಕ್ಕ ಮಾತ್ರಕ್ಕೆ ಮನುಷ್ಯನಿಗೆ ಮೋಕ್ಷ ಸಿಕ್ಕಂತಾಗುವುದಿಲ್ಲ. ಏಳುವ ದೇಹಕ್ಕೆ ನೋವಿಲ್ಲದಿರುವಿಕೆ, ಸೂಕ್ಷ್ಮತೆ, ಚುರುಕು, ಕಾಂತಿ ಎಂಬ ನಾಲ್ಕು ವರಗಳನ್ನು ಈ ಪರಂಪರೆ ಎಣಿಸಿತು.

ಆತ್ಮ ಕಾಯುತ್ತಿರುವಾಗ ಅದಕ್ಕೆ ದೇವರ ಪೂರ್ಣದರ್ಶನ ಉಂಟೋ ಇಲ್ಲವೋ ಎಂಬುದು 14ನೆಯ ಶತಮಾನದಲ್ಲಿ ಬಹಿರಂಗ ವಿವಾದವಾಯಿತು. ಪೋಪ್ 22ನೆಯ ಜಾನ್ 1331ರಿಂದ ಪ್ರಸಂಗಗಳಲ್ಲಿ, ಸಂತರಿಗೂ ಪೂರ್ಣದರ್ಶನ ಅಂತಿಮ ತೀರ್ಪಿನ ಬಳಿಕವೇ ಎಂದು ಬೋಧಿಸಿ ದೇವಶಾಸ್ತ್ರಜ್ಞರ ತೀವ್ರ ವಿರೋಧ ಎದುರಿಸಿದನು ಮತ್ತು 1334ರಲ್ಲಿ ಮರಣಶಯ್ಯೆಯಲ್ಲಿ ಹಿಂದೆ ಸರಿದನು. ಉತ್ತರಾಧಿಕಾರಿ 12ನೆಯ ಬೆನೆಡಿಕ್ಟ್ 1336ರಲ್ಲಿ ಶುದ್ಧಾತ್ಮಗಳಿಗೆ ದರ್ಶನ ತಡವಿಲ್ಲದೆ ದೊರೆಯುತ್ತದೆಂದು ಅಧಿಕೃತವಾಗಿ ಸಾರಿದನು. ಈ ಇತಿಹಾಸವನ್ನು ವಿಸ್ತಾರವಾಗಿ ಪರಿಶೀಲಿಸಿದ ಕ್ಯಾರೊಲಿನ್ ವಾಕರ್ ಬೈನಮ್ ಅವರ 1995ರ ಅಧ್ಯಯನ ತನ್ನ ಕಾಲಾವಧಿಯನ್ನು ಇದೇ 1336ಕ್ಕೆ ನಿಲ್ಲಿಸುತ್ತದೆ. ಬೆನೆಡಿಕ್ಟನ ತೀರ್ಮಾನದಿಂದ ಭಕ್ತರಿಗೆ ನೆಮ್ಮದಿ ಸಿಕ್ಕಿತು, ಆದರೆ ಬೆಲೆಯನ್ನೂ ತೆರಬೇಕಾಯಿತು: ಆತ್ಮಕ್ಕೆ ಪರಮಾನಂದ ಆಗಲೇ ದೊರೆತಿದ್ದರೆ ದೇಹ ಬಂದು ಸೇರಿಸುವುದೇನು ಎಂಬ ಪ್ರಶ್ನೆ ಉಳಿಯಿತು.

ಸುಧಾರಣೆಯಿಂದ ವಿಮರ್ಶೆಯ ಯುಗಕ್ಕೆ

ಪ್ರಾಟೆಸ್ಟಂಟ್ ಸುಧಾರಕರು ಶುದ್ಧೀಕರಣ ಸ್ಥಳದ ಬೋಧನೆಯನ್ನು, ಅಂದರೆ ಪಾಪದ ಉಳಿಕೆಯನ್ನು ಸಾವಿನ ಬಳಿಕ ತೊಳೆದುಕೊಳ್ಳುವ ಸ್ಥಿತಿಯೊಂದಿದೆ ಎಂಬ ಕಥೋಲಿಕ ಬೋಧನೆಯನ್ನು ಕೈಬಿಟ್ಟರು. ನಡುವಣ ಕಾಲವನ್ನು ಲೂಥರ್ ಹಲವೆಡೆ ನಿದ್ರೆಯೆಂದು ವರ್ಣಿಸಿದರೆ, ಕಾಲ್ವಿನ್ ಆತ್ಮನಿದ್ರೆಯ ಮತವನ್ನು ಖಂಡಿಸಲೆಂದೇ 1534ರಲ್ಲಿ ಒಂದು ಪ್ರಬಂಧ ರಚಿಸಿ ಆತ್ಮ ಎಚ್ಚರದಿಂದ ಕ್ರಿಸ್ತನ ಬಳಿ ಇರುತ್ತದೆಂದನು. ಈ ಭೇದ ಕರ್ನಾಟಕದ ಕ್ರೈಸ್ತ ಬದುಕಿನಲ್ಲೂ ಕಾಣುತ್ತದೆ: ಮಂಗಳೂರಿನ ಕಥೋಲಿಕರು ನವೆಂಬರ್ 2ರಂದು ಸಮಾಧಿಗಳನ್ನು ಹೂ ಮತ್ತು ಮೇಣದಬತ್ತಿಗಳಿಂದ ಅಲಂಕರಿಸಿ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ಅದೇ ಊರಿನಲ್ಲಿ 1834ರಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ನಿನ ಪ್ರಾಟೆಸ್ಟಂಟ್ ಬೋಧನೆಯಲ್ಲಿ ಶುದ್ಧೀಕರಣ ಸ್ಥಳಕ್ಕೆ ಎಡೆಯಿಲ್ಲ.

ಜ್ಞಾನೋದಯ ಯುಗ ಪ್ರಶ್ನೆಯನ್ನೇ ಬುಡದಿಂದ ಅಲುಗಿಸಿತು. ಯೇಸುವಿನ ಪುನರುತ್ಥಾನ ನಡೆಯಿತೇ ಎಂಬುದು ಈಗ ಇತಿಹಾಸಕಾರನ ಪ್ರಶ್ನೆಯಾಯಿತು. ಶಿಷ್ಯರೇ ಶವವನ್ನು ಕದ್ದರೆಂದು ರೈಮಾರಸ್ ವಾದಿಸಿದನು. 1835ರಲ್ಲಿ ಡೇವಿಡ್ ಫ್ರೀಡ್ರಿಷ್ ಸ್ಟ್ರಾಸ್ ಮೋಸದ ವಾದವನ್ನು ತೊರೆದು, ಈ ಕಥನಗಳು ಸಮುದಾಯದ ಶ್ರದ್ಧೆಯಲ್ಲಿ ಅರಳಿದ ಪುರಾಣವೆಂದನು. 20ನೆಯ ಶತಮಾನದಲ್ಲಿ ರುಡಾಲ್ಫ್ ಬುಲ್ಟ್‌ಮನ್ ಪುನರುತ್ಥಾನದ ನೆಲೆಯನ್ನು ಬರಿದಾದ ಸಮಾಧಿಯಿಂದ ತೆಗೆದು, ಕೇಳುಗನನ್ನು ಹೊಸ ಬದುಕಿಗೆ ಕರೆಯುವ ಸಾರೋಣದಲ್ಲಿ ಇರಿಸಿದರು. ವೊಲ್ಫ್‌ಹಾರ್ಟ್ ಪಾನೆನ್‌ಬರ್ಗ್ ಅದು ಇತಿಹಾಸದ ಪರಿಶೀಲನೆಗೆ ಒಳಪಡುವ ಘಟನೆಯೇ ಎಂದು ಮರುವಾದಿಸಿದರು. ಎನ್.ಟಿ. ರೈಟ್ 2003ರ ಬೃಹತ್ ಗ್ರಂಥದಲ್ಲಿ ಬರಿದಾದ ಸಮಾಧಿ ಮತ್ತು ದರ್ಶನಗಳು ಎರಡೂ ಕೂಡಿದರೆ ಮಾತ್ರ ಆದಿಕ್ರೈಸ್ತರ ನಂಬಿಕೆಯ ಹುಟ್ಟು ವಿವರಿಸಲು ಬರುತ್ತದೆಂದರು. ಗೆರ್ಡ್ ಲ್ಯೂಡೆಮನ್ ಮೊದಲಾದವರು ದುಃಖ ಮತ್ತು ಪಾಪಪ್ರಜ್ಞೆಯಿಂದ ಮೂಡಿದ ದರ್ಶನಗಳೇ ಸಾಕೆಂದರು.

ಆಸ್ಕರ್ ಕುಲ್ಮನ್ 1955ರಲ್ಲಿ ಹಾರ್ವರ್ಡಿನಲ್ಲಿ ನೀಡಿದ ಉಪನ್ಯಾಸ ಇನ್ನೊಂದು ಬಗೆಯ ಸಂಚಲನ ಉಂಟುಮಾಡಿತು. ಶಾಂತನಾಗಿ ವಿಷ ಕುಡಿದ ಸಾಕ್ರಟೀಸನನ್ನೂ ಗೆತ್ಸೆಮನೆ ತೋಟದಲ್ಲಿ ಸಾವಿಗೆ ತತ್ತರಿಸಿದ ಯೇಸುವನ್ನೂ ಎದುರುಬದುರು ನಿಲ್ಲಿಸಿ, ಆತ್ಮದ ಅಮರತ್ವ ಗ್ರೀಕರದು, ಪುನರುತ್ಥಾನ ಬೈಬಲಿನದು, ಎರಡನ್ನೂ ಬೆರೆಸಿದ್ದೇ ತಪ್ಪು ಎಂದು ಅವರು ವಾದಿಸಿದರು. ಈ ವಾದ ದೇಹದ ಮಹತ್ವವನ್ನು ಮರಳಿ ಮುನ್ನೆಲೆಗೆ ತಂದಿತಾದರೂ, ಹೀಬ್ರೂ ಮತ್ತು ಗ್ರೀಕ್ ಚಿಂತನೆಗಳ ನಡುವೆ ಅಷ್ಟು ಕಡಿದಾದ ಗಡಿ ಇರಲಿಲ್ಲವೆಂದು ಜೇಮ್ಸ್ ಬಾರ್ 1992ರಲ್ಲಿ ತೋರಿಸಲೆತ್ನಿಸಿದರು.

ಗುರುತಿನ ಪ್ರಶ್ನೆ: ಇಂದಿನ ಪಕ್ಷಗಳು

ದೇಹ ಮತ್ತು ಆತ್ಮ ಬೇರೆ ಬೇರೆ ಎನ್ನುವ ದ್ವೈತ ಪಕ್ಷಕ್ಕೆ ಒಂದು ಅನುಕೂಲವಿದೆ: ದೇಹ ಬೂದಿಯಾದರೂ ಆತ್ಮವೇ ಗುರುತಿನ ದಾರವಾಗಿ ಉಳಿಯುತ್ತದೆ. ಜ್ಞಾಪಕ ಮತ್ತು ಸ್ವಭಾವಗಳು ಮಿದುಳನ್ನು ಎಷ್ಟು ಆಶ್ರಯಿಸಿವೆಯೆಂಬ ಅರಿವು ಬೆಳೆದಂತೆ ಈ ಪಕ್ಷದ ಮೇಲೆ ಒತ್ತಡ ಹೆಚ್ಚಿದೆ. ನ್ಯಾನ್ಸಿ ಮರ್ಫಿಯಂಥ ಕ್ರೈಸ್ತ ಭೌತವಾದಿಗಳು ಮನುಷ್ಯ ಪೂರ್ತಿ ದೇಹವೇ ಎಂದು ಒಪ್ಪಿ, ಹಾಗಾದ್ದರಿಂದಲೇ ಪುನರುತ್ಥಾನ ಬೇಕು ಎನ್ನುತ್ತಾರೆ. ಆಗ ನಾಶವಾದದ್ದು ಮರಳಿ ಅದೇ ಆಗುವುದು ಹೇಗೆಂದು ಅವರು ಹೇಳಬೇಕಾಗುತ್ತದೆ. ಅಗಸ್ಟೀನನ ಸ್ವಹಸ್ತದ ಹಸ್ತಪ್ರತಿಯೊಂದು ಸುಟ್ಟುಹೋದ ಮೇಲೆ ದೇವರೇ ಅಕ್ಷರಶಃ ಹೊಸದನ್ನು ಸೃಷ್ಟಿಸಿದರೂ ಅದನ್ನು ಅಗಸ್ಟೀನನ ಕೈ ಮುಟ್ಟಿರುವುದಿಲ್ಲ ಎಂಬ ದೃಷ್ಟಾಂತದಿಂದ ಪೀಟರ್ ವಾನ್ ಇನ್ವಾಗನ್ 1978ರಲ್ಲಿ ಈ ತೊಡಕನ್ನು ಹರಿತಗೊಳಿಸಿದರು. ದೇವರು ನಿಜವಾದ ದೇಹವನ್ನು ಗುಟ್ಟಾಗಿ ಕಾಪಾಡಿ ಅದರ ಪ್ರತಿರೂಪವನ್ನು ಸಮಾಧಿಗೆ ಬಿಡಬಹುದೆಂಬ ಅವರದೇ ಪರಿಹಾರ ತಾರ್ಕಿಕ ಸಾಧ್ಯತೆಯನ್ನು ತೋರಿಸಿತು, ಆದರೆ ದೇವರನ್ನು ವಂಚಕನಾಗಿಸುತ್ತದೆಂಬ ದೂರಿಗೂ ಗುರಿಯಾಯಿತು.

ಭೌತವಿಜ್ಞಾನಿಯೂ ಪಾದ್ರಿಯೂ ಆಗಿದ್ದ ಜಾನ್ ಪೋಕಿಂಗ್‌ಹಾರ್ನ್ ಆತ್ಮವನ್ನು ದೇಹ ಹೊತ್ತಿರುವ ಮಾಹಿತಿಯ ವಿನ್ಯಾಸವೆಂದು ಕಂಡು, ದೇವರು ಅದನ್ನು ನೆನಪಿಟ್ಟು ಹೊಸ ದ್ರವ್ಯದಲ್ಲಿ ಮೂಡಿಸುವನೆಂದರು. ಇದು ಓರಿಗೆನ್‌ನ ರೂಪವಾದದ ಆಧುನಿಕ ಅವತಾರ; ಒಂದೇ ವಿನ್ಯಾಸದ ಎರಡು ಪ್ರತಿಗಳಾದರೆ ಯಾವುದು ನಿಜವಾದ ವ್ಯಕ್ತಿ ಎಂಬ ಆಕ್ಷೇಪವನ್ನು ಇದು ಎದುರಿಸಬೇಕಾಗಿದೆ. ಕಥೋಲಿಕ ಚಿಂತಕರಲ್ಲಿ ಗಿಸ್ಬರ್ಟ್ ಗ್ರೆಷಾಕೆ ಮೊದಲಾದವರು ಪುನರುತ್ಥಾನ ಸಾವಿನ ಕ್ಷಣದಲ್ಲೇ ನಡೆಯುತ್ತದೆಂದು ಹೇಳಿ ಕಾಯುವ ಅವಧಿಯನ್ನೇ ಅಳಿಸಿದರು. ಸಮಾಧಿಯಲ್ಲಿ ಶವ ಇರುವಾಗಲೇ ದೇಹ ಎದ್ದಿದೆಯೆನ್ನುವುದು ಮಾತಿನ ಅರ್ಥವನ್ನೇ ಕೆಡಿಸುತ್ತದೆಂದು ಯೋಸೆಫ್ ರಾಟ್ಸಿಂಗರ್ ವಿರೋಧಿಸಿದರು. ವ್ಯಾಟಿಕನ್ 1979ರಲ್ಲಿ ಸಾವಿನ ಬಳಿಕ ಆತ್ಮ ಉಳಿಯುತ್ತದೆಂಬ ಹಳೆಯ ಬೋಧನೆಯನ್ನು ಪುನರುಚ್ಚರಿಸಿತು.

ಯಾರಿಗೆ, ಎಂಥದು: ನಿತ್ಯಜೀವದ ವಾದ

ದುಷ್ಟರಿಗೆ ಕೊನೆಯಿಲ್ಲದ ಶಿಕ್ಷೆ ಎಂಬುದು ಪಶ್ಚಿಮದ ಪ್ರಧಾನ ಬೋಧನೆ. ಅದು ಮನುಷ್ಯನ ಆಯ್ಕೆಯ ಗಂಭೀರತೆಯನ್ನು ಕಾಯುತ್ತದೆ. ಅಮರತ್ವ ಸ್ವಭಾವವಲ್ಲ, ವರ; ಆದ್ದರಿಂದ ಅದನ್ನು ತಿರಸ್ಕರಿಸಿದವರು ಇಲ್ಲವಾಗುತ್ತಾರೆ ಎನ್ನುವ ಷರತ್ತಿನ ಅಮರತ್ವವಾದವನ್ನು ಎಡ್ವರ್ಡ್ ಫಜ್ 1982ರಲ್ಲಿ ವಿಸ್ತಾರವಾಗಿ ಸಮರ್ಥಿಸಿದರು. ಕೊನೆಗೆ ಎಲ್ಲರೂ ದೇವರಲ್ಲಿ ಮರುಸ್ಥಾಪನೆಗೊಳ್ಳುವರೆಂಬ ಸರ್ವಮುಕ್ತಿವಾದ ನಿಸ್ಸದ ಗ್ರೆಗೊರಿಯಿಂದ 2019ರಲ್ಲಿ ಡೇವಿಡ್ ಬೆಂಟ್ಲಿ ಹಾರ್ಟ್ ಅವರವರೆಗೆ ಮತ್ತೆ ಮತ್ತೆ ತಲೆ ಎತ್ತಿದೆ.

ಮುಗಿಯದ ಬದುಕು ಬೇಸರವಾಗದೇ ಎಂಬ ಪ್ರಶ್ನೆಯನ್ನು ಬರ್ನಾರ್ಡ್ ವಿಲಿಯಮ್ಸ್ 1973ರ ಪ್ರಬಂಧದಲ್ಲಿ ಮುಂದಿಟ್ಟರು: ಸ್ವಭಾವ ಅದೇ ಉಳಿದರೆ ಅನಂತಕಾಲದಲ್ಲಿ ಆಸೆಗಳು ಬತ್ತುತ್ತವೆ, ಸ್ವಭಾವ ಪೂರ್ತಿ ಬದಲಾದರೆ ಬದುಕಿದ್ದು ತಾನಲ್ಲ. ನಿಸ್ಸದ ಗ್ರೆಗೊರಿ ದೇವರ ಅನಂತತೆಯಲ್ಲಿ ಆತ್ಮ ಎಂದೂ ನಿಲ್ಲದೆ ಬೆಳೆಯುತ್ತ ಹೋಗುತ್ತದೆಂದು ಹೇಳಿದ್ದನ್ನು ಕ್ರೈಸ್ತರು ಇದಕ್ಕೆ ಉತ್ತರವಾಗಿ ತೋರಿಸುತ್ತಾರೆ. ಯೋಹಾನನ ಸುವಾರ್ತೆಯಾದರೋ ನಿತ್ಯಜೀವ ನಂಬಿದವನಿಗೆ ಈಗಲೇ ಆರಂಭವಾಗಿದೆಯೆಂದು ನುಡಿಯುತ್ತದೆ. ತಮಿಳುನಾಡಿನ ಎ.ಜೆ. ಅಪ್ಪಾಸಾಮಿ ಇದೇ ಎಳೆಯನ್ನು ಹಿಡಿದು, 1931ರ ಗ್ರಂಥದಲ್ಲಿ ಯೋಹಾನನ ನಿತ್ಯಜೀವವನ್ನು ಭಕ್ತಿಪಂಥದ ಮೋಕ್ಷದೊಂದಿಗೆ ಇಟ್ಟು ನೋಡಿದರು, ಪಿ. ಚೆಂಚಯ್ಯ ಎದ್ದ ಕ್ರಿಸ್ತನಲ್ಲಿ ಸೃಷ್ಟಿಯ ಹೊಸ ಘಟ್ಟವೊಂದು ತೊಡಗಿದೆಯೆಂದು ಕಂಡರು.

ಆಚರಣೆಯಲ್ಲಿ ಕಾಣುವ ತೀರ್ಮಾನ

ಶವಸಂಸ್ಕಾರದ ನಿಯಮಗಳಲ್ಲಿ ಈ ವಾದಗಳ ಛಾಪು ಸ್ಪಷ್ಟ. ಕಥೋಲಿಕ ಸಭೆ 1886ರಲ್ಲಿ ದಹನವನ್ನು ನಿಷೇಧಿಸಿತು, 1963ರಲ್ಲಿ ಆ ನಿಷೇಧವನ್ನು ಸಡಿಲಿಸಿತು, 2016ರಲ್ಲಿ ಹೂಳುವುದೇ ಮೇಲೆಂದೂ ದಹಿಸಿದರೆ ಬೂದಿಯನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದೂ ನಿರ್ದೇಶಿಸಿತು. ಆರ್ಥಡಾಕ್ಸ್ ಸಭೆಗಳು ಸಾಮಾನ್ಯವಾಗಿ ಈಗಲೂ ದಹನವನ್ನು ಒಪ್ಪುವುದಿಲ್ಲ. ಬೂದಿಯಿಂದ ಎಬ್ಬಿಸಲು ದೇವರಿಗೆ ಅಸಾಧ್ಯವೆಂದು ಯಾವ ಸಭೆಯೂ ಬೋಧಿಸುವುದಿಲ್ಲ. ಇಲ್ಲಿ ಕಾಪಾಡಲು ಹೊರಟಿರುವುದು ದೇಹ ವ್ಯಕ್ತಿಯ ಭಾಗವೇ ಹೊರತು ಕಳಚಿ ಎಸೆಯುವ ಕವಚವಲ್ಲ ಎಂಬ ಅರ್ಥವನ್ನು.

ಇತ್ಯರ್ಥವಾಗದೆ ಉಳಿದದ್ದು

ನಾಲ್ಕು ಪ್ರಶ್ನೆಗಳು ಇಂದಿಗೂ ತೆರೆದಿವೆ. ಗುರುತನ್ನು ಉಳಿಸುವುದು ದ್ರವ್ಯವೋ ರೂಪವೋ ಆತ್ಮವೋ ದೇವರ ನೆನಪೋ ಎಂಬುದು ಮೊದಲನೆಯದು. ಪ್ರತಿ ಉತ್ತರವೂ ಒಂದು ತೊಡಕನ್ನು ಬಿಡಿಸಿ ಇನ್ನೊಂದನ್ನು ಕಟ್ಟಿದೆ. ಕಾಯುವ ಅವಧಿ ಎರಡನೆಯದು: ಅದರಲ್ಲಿ ಆನಂದ ಪೂರ್ಣವಾದರೆ ಪುನರುತ್ಥಾನ ಹೆಚ್ಚುವರಿಯಾಗುತ್ತದೆ, ಅಪೂರ್ಣವಾದರೆ ಸತ್ತವರ ಬಗೆಗಿನ ಸಾಂತ್ವನ ಕುಗ್ಗುತ್ತದೆ. ನಿತ್ಯಜೀವದ ವ್ಯಾಪ್ತಿ, ಅಂದರೆ ನ್ಯಾಯ ಮತ್ತು ಕರುಣೆಗಳಲ್ಲಿ ಕೊನೆಯ ಮಾತು ಯಾವುದರದು ಎಂಬುದು ಮೂರನೆಯದು.

ನಾಲ್ಕನೆಯದು ಇತ್ತೀಚೆಗೆ ತೀವ್ರಗೊಂಡದ್ದು. ಅಂಗವೈಕಲ್ಯವೆಲ್ಲ ಪುನರುತ್ಥಾನದಲ್ಲಿ ಸರಿಹೋಗುತ್ತದೆಂದು ಅಗಸ್ಟೀನ್ ಭಾವಿಸಿದ್ದನು, ಆದರೆ ಹುತಾತ್ಮರ ಗಾಯದ ಗುರುತುಗಳು ಮಾತ್ರ ಗೌರವಚಿಹ್ನೆಗಳಾಗಿ ಉಳಿಯಬಹುದೆಂದು ವಿನಾಯಿತಿ ಕೊಟ್ಟಿದ್ದನು. ನ್ಯಾನ್ಸಿ ಐಸ್‌ಲ್ಯಾಂಡ್ 1994ರಲ್ಲಿ ಎದ್ದ ಯೇಸುವಿನ ಕೈಕಾಲುಗಳಲ್ಲೂ ಗಾಯಗಳಿದ್ದವೆಂಬುದನ್ನೇ ಆಧಾರವಾಗಿಟ್ಟು, ವೈಕಲ್ಯವನ್ನು ಅಳಿಸಬೇಕಾದ ಕುಂದೆಂದು ಏಕೆ ಎಣಿಸಬೇಕೆಂದು ಕೇಳಿದರು; ಏಮೊಸ್ ಯಾಂಗ್ 2007ರಲ್ಲಿ ಡೌನ್ ಸಿಂಡ್ರೋಮ್ ಇರುವವರ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ಮುಂದುವರಿಸಿದರು. ಒಂದು ಗುಣ ವ್ಯಕ್ತಿತ್ವದ ಭಾಗವೋ ಅಥವಾ ವ್ಯಕ್ತಿಗೆ ಅಂಟಿದ ತೊಂದರೆಯೋ ಎಂದು ನಿರ್ಧರಿಸದೆ ಏಳುವ ದೇಹದಲ್ಲಿ ಯಾವುದು ಉಳಿಯಬೇಕು, ಯಾವುದು ಬದಲಾಗಬೇಕು ಎಂದು ಹೇಳಲು ಬರುವುದಿಲ್ಲ. ಮಕ್ಕಬಿಯರ ಕಾಲದ ಹುತಾತ್ಮರಿಗೆ ಕತ್ತರಿಸಿಹೋದ ಕೈ ಮರಳಿ ಸಿಗುವುದೇ ನ್ಯಾಯವಾಗಿತ್ತು. ಹುಟ್ಟಿನಿಂದಲೇ ಬೇರೆ ಬಗೆಯ ದೇಹದಲ್ಲಿ ಬಾಳಿದವರಿಗೆ ನ್ಯಾಯವೆಂದರೇನೆಂಬುದಕ್ಕೆ ಹಳೆಯ ಯಾವ ಪಕ್ಷದಲ್ಲೂ ಸಿದ್ಧ ಉತ್ತರವಿಲ್ಲ.